ಸಜ್ಜೆಗುಡ್ಡದಲ್ಲಿ ರೈಲು ನಿಂತದ್ದು

ಸಜ್ಜೆಗುಡ್ಡ ಸ್ಟೇಷನ್,
೨೨೪೭ನೇ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೇ ದಿನ

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ನೀಲಗಂಗಾಳ ಶರಣಾರ್ಥಿಗಳು. ನಮ್ಮ ಹದಿಮೂರು ತಿಂಗಳ ವರ್ಷದ ಹಾಗೆ ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ.

ನಿಮ್ಮ ಕಾಲದಲ್ಲಿ ಇಲ್ಲಿ ದಿನಕ್ಕೊಂದು ಪ್ಯಾಸೆಂಜರ್ ನಿಲ್ಲುತ್ತಿತ್ತಂತೆ. ನಮಗೆ ವಾರಕ್ಕೊಮ್ಮೆ ಸುತ್ತು ಹಾಕಿ ಬರುವ ಒಂದೇ ರೈಲು. ಅದೂ ಪ್ಲಾಟ್‌ಫಾರ್ಮಿನ ಮೇಲೆ ಮನುಷ್ಯರು ಕಂಡರೆ ಮಾತ್ರ ನಿಲ್ಲುತ್ತದೆ. ಓಡಿಸುವವರಿಲ್ಲ, ಮುಂಭಾಗದ 'ಕಾವಲುಗಣ್ಣು' ನೋಡಿ ತೀರ್ಮಾನಿಸುತ್ತದೆ. ನಿಂತ ಮೇಲೆ ಯಾರೂ ಹತ್ತದೆ, ಇಳಿಯದೆ ಹೋದರೆ ಅದಕ್ಕೆ ಸುಳ್ಳುನಿಲುಗಡೆ ಎನ್ನುತ್ತಾರೆ. ಒಂದು ಸುಳ್ಳುನಿಲುಗಡೆಯಾದರೂ ಸಾಕು, ಆ ಊರಿನಲ್ಲಿ ರೈಲು ಮತ್ತೆಂದೂ ನಿಲ್ಲುವುದಿಲ್ಲ. ಆ ಹೆದರಿಕೆಗೆ ನಮ್ಮವರು ಪ್ಲಾಟ್‌ಫಾರ್ಮಿನ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಬಟ್ಟೆ, ಔಷಧಿ ಎಲ್ಲ ಹಾರುಬುಟ್ಟಿಗಳಲ್ಲಿ ಮನೆ ಮುಂದೆಯೇ ಬಂದು ಇಳಿಯುವುದರಿಂದ ಯಾರಿಗೂ ಎಲ್ಲಿಗೂ ಹೋಗುವ ಜರೂರಿರಲಿಲ್ಲ.

ನಮ್ಮ ಓಣಿಯ ರಾಚವ್ವ ಹಳಿಯ ಪಕ್ಕದ ಹೊಲದಲ್ಲಿ ಕುಸುಬೆ ಬೆಳೆಯುತ್ತಾಳೆ. ಐವತ್ತು ದಾಟಿದ ಗಟ್ಟಿ ಹೆಂಗಸು. ಊರ ಗಡಿ ದಾಟಿದವಳಲ್ಲ. ಒಂದು ವಾರ ಆಕೆಗೆ ರೈಲಿನ ಕಿಟಕಿಯಲ್ಲಿ ಹಳದಿ ಸೀರೆಯ ಹೆಂಗಸೊಬ್ಬಳು ಕೈ ಬೀಸುವುದು ಕಂಡಿತು. ಮರುವಾರವೂ ಅವಳೇ, ಈ ಸಲ ಗಾಜು ಬಡಿಯುತ್ತಿದ್ದಳು.

"ಆಕಿಗೆ ಇಲ್ಲಿ ಇಳೀಬೇಕಾಗೇತಿ. ನಾವು ನಿಲ್ಲವಲ್ವಿ, ಅದಕ್ಕ ರೈಲೂ ನಿಲ್ಲವಲ್ದು," ಎಂದು ರಾಚವ್ವ ಕಟ್ಟೆಯ ಮೇಲೆ ಕೂತಿದ್ದ ಹಿರಿಯರಿಗೆ ಹೇಳಿದಳು.

"ಆಕಿ ಇಳೀಲಿಲ್ಲಂದ್ರ? ಇದ್ದ ಸ್ಟೇಷನ್ನೂ ಹೋಗ್ತೈತಿ ನೋಡವಾ," ಎಂದರು ಅವರಲ್ಲಿ ದೊಡ್ಡವರಾದ ಸಂಗನಬಸಪ್ಪ.

ಮುಂದಿನ ರೈಲಿನ ದಿನ ರಾಚವ್ವ ಕುಡುಗೋಲನ್ನು ಬದುವಿನ ಮೇಲಿಟ್ಟು, ನೇರ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತಳು. ತಡೆಯಲು ಓಡಿದವರಲ್ಲಿ ನಾನೂ ಇದ್ದೆ. ನಾವು ಮುಟ್ಟುವಷ್ಟರಲ್ಲಿ ರೈಲು ನಿಂತೇಬಿಟ್ಟಿತ್ತು. ಬಾಗಿಲು ತೆರೆಯಿತು. ಹಳದಿ ಸೀರೆಯವಳು ಅಲ್ಲೇ ನಿಂತು ನಗುತ್ತಿದ್ದಳು.

"ಇಳಿ ತಂಗಿ, ಲಗೂ ಇಳಿ!" ಎಂದಳು ರಾಚವ್ವ.

"ಅಯ್ಯೋ, ನಾನು ಇಳಿಯುವವಳಲ್ಲ ಅಕ್ಕಾ. ದಾರಿಯುದ್ದಕ್ಕೂ ಹೊಲದಲ್ಲಿ ಬರೀ ಯಂತ್ರಗಳೇ. ಇಲ್ಲಿ ನೀವು ಕಂಡಿರಿ. ಯಾರಿರಬಹುದು ಅಂತ ಕುತೂಹಲ, ಅಷ್ಟೇ."

ಬಾಗಿಲು ಮುಚ್ಚುವ ಗಂಟೆ ಮೊಳಗತೊಡಗಿತು. ನಮ್ಮ ಹಿಂದೆಯೇ ಓಡಿ ಬಂದಿದ್ದ ಸಂಗನಬಸಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ರಾಚವ್ವ ಒಮ್ಮೆ ನಮ್ಮ ಕಡೆ, ಒಮ್ಮೆ ಆ ಬಾಗಿಲ ಕಡೆ ನೋಡಿದಳು.

"ನೀಲಾ, ಎಮ್ಮಿ ಹಿಂಡ್ಕೋ," ಎಂದವಳೇ ಸೆರಗು ಸಿಕ್ಕಿಸಿ ಒಳಗೆ ಕಾಲಿಟ್ಟಳು.

ಆ ವಾರ ಊರಲ್ಲಿ ಯಾರಿಗೂ ನೆಟ್ಟಗೆ ಊಟ ಸೇರಲಿಲ್ಲ. ರೈಲು ಬರುವ ದಿನ ಊರಿಗೆ ಊರೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಅವಳು ಇಳಿಯದಿದ್ದರೆ ಹತ್ತಲೆಂದು ನಾನು ಗಂಟು ಕಟ್ಟಿಕೊಂಡು ಬಂದಿದ್ದೆ. ರಾಚವ್ವ ಇಳಿದಳು. ಸಮುದ್ರ ನೋಡಿ ಬಂದಿದ್ದಳು. ಅದರ ನೀರನ್ನು ನೆಕ್ಕಿಯೂ ನೋಡಿದ್ದಳು. "ಉಪ್ಪಂದ್ರ ಉಪ್ಪು! ನಂಬಲಿಲ್ಲಂದ್ರ ನೀವಽ ಹೋಗಿ ನೋಡ್ರಿ," ಎಂದಳು. ನಿಜ ಹೇಳಬೇಕೆಂದರೆ, ನನ್ನ ಗಂಟನ್ನು ವಾಪಸ್ ಮನೆಗೆ ಒಯ್ಯುವಾಗ ನನಗೆ ಸಂಕಟವೇ ಆಯಿತು.

ಈಗ ವಾರಕ್ಕೊಬ್ಬರು ಹೋಗಿ ಬರುತ್ತಾರೆ. ನಿಮ್ಮಲ್ಲೊಂದು ಬೇಡಿಕೆ. ನಿಮ್ಮೂರಿನ ಆ ಒಂದೇ ಪ್ಯಾಸೆಂಜರನ್ನು, ಕೆಲಸವಿಲ್ಲದಿದ್ದರೂ, ಒಮ್ಮೆ ಹತ್ತಿರಿ. ಹತ್ತುವವರಿಲ್ಲ, ಹತ್ತುವವರಿಲ್ಲ ಎನ್ನುತ್ತಲೇ ರೈಲುಗಳು ಕಡಿಮೆಯಾಗುತ್ತ ಬಂದವೆಂದು ನಮ್ಮೂರ ಹಿರಿಯರು ಹೇಳುತ್ತಾರೆ.

ಇನ್ನು ಬರೆಯಲು ಪುರಸೊತ್ತಿಲ್ಲ. ಈ ವಾರದ ಸರದಿ ನನ್ನದು. ಹಳಿ ಆಗಲೇ ಗುಂಯ್‌ಗುಡುತ್ತಿದೆ. ಹೋಗಿ ಬರುತ್ತೇನೆ.

ನೀಲಗಂಗಾ