ಜೋಳದ ಹಿಟ್ಟಿನ ಬೆಟ್ಟಗಳು

ಅಪ್ಪಾ,

ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ ಬೀದರಿನ ಈ ಮನೆಯಲ್ಲಿ, ನನ್ನ ಮೇಜಿನ ಮೇಲೆ ನೀವು ಹೋದಾಗಿನಿಂದ ಇದೆ. ಅದರ ಕೊನೆಯ ಪುಟ ಇನ್ನೂ ಖಾಲಿ. ಇವತ್ತು ಬರೆಯಲು ಕೂತವಳು, ಮೊದಲು ನಿಮಗೊಂದು ಕಾಗದ ಬರೆಯೋಣ ಅಂದುಕೊಂಡೆ. ನನ್ನ ಕನ್ನಡ ಎಂಥದ್ದು ಅಂತ ನಿಮಗೆ ಗೊತ್ತು. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆದುಕೊಳ್ಳಿ.

ಔರಾದಿನ ಮನೆಯ ಭಾನುವಾರಗಳು ನೆನಪಿವೆಯೇ? ಸಂತಪುರದ ಶಾಲೆಯಲ್ಲಿ ವಾರವಿಡೀ ಇತಿಹಾಸ ಹೇಳಿದ್ದು ಸಾಲದೆ, ಅಡುಗೆಮನೆಯಲ್ಲೂ ನಿಮ್ಮ ಪಾಠ. ಅವ್ವ ರೊಟ್ಟಿಗೆಂದು ಪರಾತದ ಅಗಲ ತಟ್ಟೆಯಲ್ಲಿ ಜೋಳದ ಹಿಟ್ಟು ಸುರಿದ ಕೂಡಲೇ ನೀವು ಅಂಗಿಯ ತೋಳು ಮಡಚಿ ಕೂರುತ್ತಿದ್ದಿರಿ. ಹಿಟ್ಟನ್ನು ಒತ್ತಿ ಗುಡ್ಡ ಎಬ್ಬಿಸಿ, ಬೆರಳಿನಿಂದ ಕಣಿವೆ ಎಳೆದರೆ ಅದು ಅಫ್ಘಾನಿಸ್ತಾನ. ಇಂಗ್ಲಿಷರ ಫೌಜಿಗೆ ತೊಗರಿ, ರಷ್ಯಾದವರಿಗೆ ಕಡಲೆ. ಕಾಳುಗಳು ಸಾಲಾಗಿ ಕಣಿವೆಯೊಳಗೆ ಬರುತ್ತಿದ್ದವು; ನೀವು ಪರಾತದ ಅಂಚಿಗೆ ಮೆಲ್ಲಗೆ ತಟ್ಟಿದರೆ ಗುಡ್ಡ ಕುಸಿದು ಎಲ್ಲ ಮುಚ್ಚಿಹೋಗುತ್ತಿದ್ದವು. "ಯುದ್ಧ ಮುಗದಿದ್ರ ಹಿಟ್ಟು ಕೊಡ್ರಿ, ಹಂಚು ಕಾದದ," ಅನ್ನುತ್ತಿದ್ದಳು ಅವ್ವ. ಕಾಳು ಆರಿಸುವ ಕೆಲಸ ನನ್ನದು. ಒಮ್ಮೆ ಕಮಠಾಣದ ಮಾವ ರೊಟ್ಟಿಯೊಳಗಿನ ತೊಗರಿ ಕಡಿದು ದವಡೆ ಹಿಡಿದುಕೊಂಡ. ಅವ್ವ ನಗದೆ ಹೇಳಿದಳು: "ಉಗುಳಬ್ಯಾಡಪಾ ಅಣ್ಣಾ. ಪಾಪ, ಕಾಬೂಲಿನಿಂದ ಅವನೊಬ್ಬನೇ ಜೀವಂತ ಬಂದಾನ."

ಆ ದೇಶವೇ ಯಾಕೆ ಎಂದು ಕೇಳಿದಾಗ ನೀವು ಗೋಡೆಯ ಮೇಲಿದ್ದ ಬುದ್ಧನ ಪಟ ತೋರಿಸಿದಿರಿ. ಅಲ್ಲಿಯ ಬಾಮಿಯಾನದಲ್ಲಿ ಇಡೀ ಬೆಟ್ಟದ ಮೈಯಲ್ಲೇ ಅವನನ್ನು ಕೆತ್ತಿದ್ದರಂತೆ. ಆ ಮೂರ್ತಿಗಳನ್ನು ಒಡೆದ ಸುದ್ದಿ ಬಂದ ದಿನ ರೇಡಿಯೊ ಬಂದ್ ಮಾಡಿ, ಎಂದಿನ ಬಸ್ಸಿಗೇ ಶಾಲೆಗೆ ಹೋದಿರಿ. ಆ ದಿನ ಮಕ್ಕಳಿಗೆ ಏನು ಹೇಳಿದಿರಿ? ನಾನು ಕೇಳಲೇ ಇಲ್ಲ. ಆಗೆಲ್ಲ ನಿಮ್ಮನ್ನು ಏನಾದರೂ ಕೇಳುವುದನ್ನೇ ಬಿಟ್ಟಿದ್ದೆನೇನೋ...

ಬಿಟ್ಟದ್ದು ಭಾಲ್ಕಿಯ ಪ್ರಬಂಧ ಸ್ಪರ್ಧೆಯ ದಿನ. ನಾನಾಗ ಒಂಬತ್ತನೇ ಇಯತ್ತೆ, ಬೀದರಿನ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳು. ಕಾಬೂಲಿನಿಂದ ಹಿಂದಿರುಗಿದ ಇಂಗ್ಲಿಷ್ ಸೈನ್ಯದ ಬಗ್ಗೆ ಬರೆದಿದ್ದೆ. ಸೋತ ಕುದುರೆಯ ಮೇಲೆ ಡಾಕ್ಟರನೊಬ್ಬನೇ ಕೋಟೆ ಬಾಗಿಲಿಗೆ ಬಂದ, ಅಷ್ಟು ದೊಡ್ಡ ಫೌಜಿನಲ್ಲಿ ಉಳಿದವನು ಅವನೊಬ್ಬನೇ, ಎಂದು ಮುಗಿಸಿದ್ದೆ. ಮೊದಲ ಬಹುಮಾನ ಬಂತು. ಔರಾದಿಗೆ ಹೋಗುವ ಬಸ್ಸಿನಲ್ಲಿ ನೀವು ಅದನ್ನು ಎರಡು ಸಲ ಓದಿದಿರಿ.

"ಚಲೋ ಬರದೀ. ಆದ್ರ ಆ ಫೌಜಿನಾಗ ಯಾರ್‍ಯಾರಿದ್ರು?"

"ಇಂಗ್ಲಿಷರು."

"ಅವರು ಸ್ವಲ್ಪ ಮಂದಿ. ಹೆಚ್ಚಿನವರು ನಮ್ಮ ಹಿಂದುಸ್ತಾನದ ಸಿಪಾಯಿಗೋಳು, ಅಡಗಿಯವರು, ಒಂಟೆ ಹೊಡಿಯೋರು, ಅವರ ಹೆಂಡ್ರು ಮಕ್ಕಳು. ಹಿಮದಾಗ ಬೆರಳು ಕಳಕೊಂಡು, ಭಿಕ್ಷಾ ಬೇಡಿಕೋತ ಊರು ಮುಟ್ಟಿದವರೂ ಇದ್ರು. ಒಬ್ಬನೇ ಬಂದ ಅಂತ ಬರದವರು ಅವರನ್ನ ಎಣಿಸಲಿಲ್ಲ. ನೀನೂ ಎಣಿಸಲಿಲ್ಲ."

ಪುಸ್ತಕದಲ್ಲಿ ಹಾಗೇ ಇದೆ ಎಂದು ಕಿಟಕಿಯ ಕಡೆ ತಿರುಗಿ ಕೂತೆ. ಆ ವರ್ಷವೇ ಅಲ್ಲವೇ ನೀವು ಈ ನೋಟ್‌ಬುಕ್ ಶುರು ಮಾಡಿದ್ದು? ಆ ದೇಶದ ಮೇಲೆ ದಂಡೆತ್ತಿ ಬಂದವರೆಲ್ಲರ ಕತೆ, ದುಂಡು ಅಕ್ಷರದ ಕನ್ನಡದಲ್ಲಿ. ಇದನ್ನು ಕನ್ನಡದಲ್ಲಿ ಯಾರು ಓದುತ್ತಾರೆ ಎಂದು ಕೇಳಿದವಳೂ ನಾನೇ. ನೀವು ಪೆನ್ನಿಗೆ ಮಸಿ ತುಂಬಿಕೊಂಡಿರಿ.

ಬೀದರಿನ ಆಸ್ಪತ್ರೆಯಲ್ಲಿ ನೀವು ಅದನ್ನು ನನ್ನ ಕೈಗೆ ಕೊಟ್ಟಾಗ ಅಮೆರಿಕದವರು ಇನ್ನೂ ಅಫ್ಘಾನಿಸ್ತಾನದಲ್ಲೇ ಇದ್ದರು. "ಇವರೂ ಹೋಗ್ತಾರ. ಹೋದ ದಿನ ಕಡೀ ಪುಟ ನೀ ಬರಿ," ಎಂದಿರಿ. ಇಂಗ್ಲಿಷಿನಲ್ಲಿ ಬರೆಯಲೇ ಎಂದು ಕೇಳಿದೆ. "ಇಂಗ್ಲಿಷಿನ್ಯಾಗ ಅವರು ಬರ್ಕೋತಾರ ಬಿಡು." ಅಷ್ಟು ಉಸಿರುಗಟ್ಟುತ್ತಿದ್ದಾಗಲೂ ನಿಮಗೆ ತಮಾಷೆ.

ಅವರು ಹೋದರು ಅಪ್ಪಾ. ನೀವು ಹೋದ ಮರುವರ್ಷದ ಮಳೆಗಾಲದಲ್ಲಿ. ಹೊರಟ ವಿಮಾನದ ಹಿಂದೆ ಜನ ಓಡುವುದನ್ನು ಅವ್ವ, ನಾನು ಟಿವಿಯಲ್ಲಿ ನೋಡಿದೆವು. ಅವ್ವ ನೋಟ್‌ಬುಕ್ಕಿನ ಕಡೆ ನೋಡಿದಳು, ನಾನು ಅವಳ ಕಡೆ ನೋಡಲಿಲ್ಲ. ಏನು ಬರೆಯುವುದು? ಇನ್ನೊಂದು ಫೌಜು ಸೋತು ಹೋಯಿತು ಎಂದೇ? ಆ ಒಂದು ಸಾಲಿನ ಆಚೆ ನನಗೆ ಏನೂ ಹೊಳೆಯಲಿಲ್ಲ. ವರ್ಷಗಳು ಹೋದವು.

ಹೋದ ವಾರ ಸಂತಪುರಕ್ಕೆ ಹೋಗಿದ್ದೆ. ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ನಿಮ್ಮ ಶಾಲೆಯಲ್ಲೇ ಟೀಚರು. ಮಾಸ್ತರರ ನೋಟ್‌ಬುಕ್ ಮಕ್ಕಳಿಗೆ ಓದಿ ಹೇಳಿ ಎಂದು ಕರೆದಿದ್ದಳು. ಪರಾತ, ಹಿಟ್ಟು ಹೊತ್ತುಕೊಂಡು ಬಸ್ ಹತ್ತಿದೆ. "ಹಿಟ್ಟು ಹೊಳ್ಳಿ ತಾ. ನಿಮ್ಮಪ್ಪನಂಗ ಊರ ತುಂಬ ಗುಡ್ಡ ಮಾಡಿ ಬಿಟ್ಟು ಬರಬ್ಯಾಡ," ಎಂದಳು ಅವ್ವ. ಮಕ್ಕಳ ನಡುವೆ ಪರಾತ ಇಟ್ಟು, ನಿಮ್ಮ ಹಾಗೆಯೇ ತೊಗರಿ ನಡೆಸಿದೆ, ಕಡಲೆ ನಡೆಸಿದೆ, ಅಮೆರಿಕದವರಿಗೆ ಉದ್ದು ಇಟ್ಟೆ. ಈ ಸಲ ಸಿಪಾಯಿಗಳ ಕತೆಯನ್ನೂ ಬಿಡದೆ ಹೇಳಿದೆ. ಅಂಚಿಗೆ ತಟ್ಟಿದೆ. ಹುಡುಗರು ನಕ್ಕರು.

ಮುಂದಿನ ಸಾಲಿನಲ್ಲಿ ಮೆಲುದನಿಯ ಹುಡುಗಿಯೊಬ್ಬಳಿದ್ದಳು, ಏಳನೇ ಇಯತ್ತೆ. ಅವಳು ನಗಲಿಲ್ಲ. "ಟೀಚರ್, ಬಂದವರಿಗೆಲ್ಲ ಕಾಳು ಇಟ್ಟೀರಿ. ಆ ಊರಿನ ಮಂದಿ ಎಲ್ಲಿ ಅದಾರ್ರಿ ಇದರಾಗ?"

ಅಪ್ಪಾ, ಅಷ್ಟು ಭಾನುವಾರಗಳಲ್ಲಿ ನೀವು ಅವರಿಗೊಂದು ಕಾಳು ಇಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಪರಾತದಲ್ಲಿ ಅವರು ಬರೀ ಬೆಟ್ಟವಾಗಿದ್ದರು. ಬಸ್ಸಿನಲ್ಲಿ ನೀವು ನನ್ನ ಮೇಲೆ ಹೊರಿಸಿದ ತಪ್ಪನ್ನೇ ನೀವೂ ಮಾಡುತ್ತಿದ್ದಿರಿ ಎಂದರೆ ಸಿಟ್ಟಾಗುತ್ತಿದ್ದಿರೇ? ಇಲ್ಲ, ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಟ್ಟು ಅವಳ ಮುಂದೆ ಸರಿಸುತ್ತಿದ್ದಿರಿ. ನಾನೂ ಅದನ್ನೇ ಮಾಡಿದೆ. ಆ ಊರಿನಲ್ಲಿ ಈಗ ಅವಳಷ್ಟು ವಯಸ್ಸಿನ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದೆ ಎಂದು ಹೇಳಿದೆ. ಅವಳು ಒಂದು ತೊಗರಿಕಾಳು ಆರಿಸಿ, "ಇಕಿ ಆ ಊರಾಕಿ, ಏಳನೇ ಇಯತ್ತೆ," ಎಂದು ಕಣಿವೆಯ ನಡುವೆ ಇಟ್ಟಳು. ಅಂಚಿಗೆ ತಟ್ಟಲು ಯಾರನ್ನೂ ಬಿಡಲಿಲ್ಲ.

ಹಿಟ್ಟು ಹಾಗೇ ಶಾಲೆಯಲ್ಲಿ ಉಳಿಯಿತು, ಅವ್ವ ಬೈದಳು. ಕೊನೆಯ ಪುಟದ ಮೊದಲ ಸಾಲು ಈಗ ನನಗೆ ಗೊತ್ತಿದೆ, ಕನ್ನಡದಲ್ಲೇ: "ಫೌಜುಗಳೆಲ್ಲ ಹೋದವು, ಏಳನೇ ಇಯತ್ತೆಯ ಹುಡುಗಿಯೊಬ್ಬಳು ಇನ್ನೂ ಅಲ್ಲೇ ಇದ್ದಾಳೆ."

ಈ ಕಾಗದ ಮಡಚಿಟ್ಟು ಅದನ್ನು ಬರೆಯುತ್ತೇನೆ. ಒಂದೇ ಪುಟ ಸಾಲುವುದಿಲ್ಲ, ನೋಟ್‌ಬುಕ್ಕಿಗೆ ಇನ್ನಷ್ಟು ಹಾಳೆ ಹೊಲಿಸಿ ತಂದಿದ್ದೇನೆ.

ನಿಮ್ಮ ಮಗಳು