ಯಂಕಿಯ ಪಾಲು

ಮಸ್ಕಿ
೧೬ ಫೆಬ್ರವರಿ ೧೯೪೩

ನನ್ನ ಗೆಳತಿ ಪಕೀರಿಗೆ,

ನಿನ್ನ ಆದೆಮ್ಮ ಬರೆಯುತ್ತಿದ್ದಾಳೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಕಾಲೇಜಿನ ಹಾಸ್ಟೆಲಿನಲ್ಲಿ ಬೈಯುತ್ತಿದ್ದ ಹಾಗೆ ಒಮ್ಮೆ ಬಾಯ್ತುಂಬ ಬೈದುಬಿಡು, ಆಮೇಲೆ ಮುಂದೆ ಓದು. ಹೈದರಾಬಾದಿನ ಆಸ್ಪತ್ರೆಯಲ್ಲಿ ದಿನವಿಡೀ ಮಕ್ಕಳನ್ನು ನೋಡಿ ದಣಿಯುವ ನೀನು ನನ್ನ ಮಗಳಿಗಾಗಿ ನಾಲ್ಕು ಪುಟ ಬರೆದೆ. ಅದರಂತೆ ಮಾಡಿ ನೋಡದೆ ಉತ್ತರ ಬರೆಯಬಾರದೆಂದು ಕಾದೆ. ಈಗ ಮಧ್ಯಾಹ್ನ. ಅತ್ತೆ ಒಳಗೆ ಮಲಗಿದ್ದಾರೆ, ಗದ್ದಿ ಶಾಲೆಯಲ್ಲಿದ್ದಾಳೆ. ನನಗೆ ಮಾತ್ರ ರಾತ್ರಿಯೂ ನಿದ್ದೆಯಿಲ್ಲ, ಹಗಲೂ ಇಲ್ಲ.

ಗದ್ದಿಗೆ ಏಳು ತುಂಬಿತು. ಒಂದು ಕಡೆ ಕೂಡುವವಳಲ್ಲ ಎಂದು ಬರೆದಿದ್ದೆನಲ್ಲ. ಬರೆಯುತ್ತ ಬರೆಯುತ್ತ ತಟ್ಟನೆ ಹಿಂದೆ ತಿರುಗುತ್ತಿದ್ದಳು, ಯಾರೋ ಕರೆದ ಹಾಗೆ. ಪಾಟಿಯ ಮೇಲೆ ಅಕ್ಷರ ಅರ್ಧಕ್ಕೇ ನಿಲ್ಲುತ್ತಿತ್ತು. ದೀಪಾವಳಿಯ ಹೊತ್ತಿಗೆ ಶೇಕ್ಷಾವಲಿ ಮಾಸ್ತರರು ಮನೆಗೇ ಬಂದರು.

"ಹುಡುಗಿ ಶಾಣ್ಯಾಕಿ ಅದಾಳ್ರೀ ಬಾಯಾರ. ಆದ್ರ ಮೈ ನನ್ನ ಮುಂದ ಕುಂತಿರತೈತಿ, ಮನಸ್ಸು ಗುರುಗುಂಟಾ ದಾರಿ ಹಿಡಿದಿರತೈತಿ."

ನಮ್ಮವರು ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಉರ್ದು ಬರೆಯುವ ಕೆಲಸದಲ್ಲಿದ್ದಾರೆ, ಶುಕ್ರವಾರದ ರಜೆಗೊಮ್ಮೆ ಮನೆಗೆ ಬರುತ್ತಾರೆ. ಮಾಸ್ತರರ ಮಾತು ಕೇಳಿ, "ಯುಗಾದಿ ತನಕ ನೋಡ್ತೀನಿ. ಆಮ್ಯಾಲ ಶಾಲಿ ಬಿಡಿಸಿಬಿಡು. ನೀ ಓದಿದ್ದ ಸಾಕು ಈ ಮನಿಗೆ," ಎಂದುಬಿಟ್ಟರು.

ಅತ್ತೆ ಕರೆಮ್ಮನವರದು ಬೇರೆಯೇ ಮಾತು. "ಅಕಿ ಅಕ್ಕ ಕರೀತಾಳ. ಯಂಕಿ ಕರದ್ರ ತಂಗಿ ತಿರಗದ ಇರ್ತಾಳೇನು?"

ನನ್ನ ದೊಡ್ಡವಳು ಯಂಕಿ ನಿನಗೆ ನೆನಪಿದ್ದಾಳೆ. ಜ್ವರದಲ್ಲಿ ಹೋಗಿ ಮೂರು ವರ್ಷವಾಯಿತು. ಆಗ ಅವಳಿಗೆ ಆರು ವರ್ಷ.

ಪಕೀರಿ, ಈ ಮನೆಯ ಒಂದು ನಡಾವಳಿಯನ್ನು ನಿನಗೆ ಹೇಳಿರಲಿಲ್ಲ. ಮಗು ದಿನಕ್ಕೆ ಏನೇನು ತಿನ್ನುತ್ತದೆ, ಒಂದನ್ನೂ ಬಿಡದೆ ಬರೆದಿಡು ಎಂದು ನೀನು ಹೇಳಿದ ಮೇಲೆಯೇ ಅದು ನನ್ನ ಕಣ್ಣಿಗೂ ಬಿದ್ದದ್ದು. ಯಂಕಿ ಹೋದಂದಿನಿಂದ ದಿನಾ ಸಂಜೆ ಅವಳ ಹೆಸರಿನಲ್ಲಿ ಒಂದು ಬಟ್ಟಲು ಇಡುತ್ತಿದ್ದೆವು. ಯುದ್ಧದಿಂದಾಗಿ ಸಕ್ಕರೆ ಕಣ್ಣಿಗೆ ಬೀಳದು. ಬೆಲ್ಲ, ಬೆಲ್ಲದ ಪಾಕದ ಉಂಡೆ, ಜೊತೆಗೆ ಒಂದು ಲೋಟ ಸಿಹಿ ಚಾ. ಸತ್ತ ಕೂಸಿನ ಪಾಲನ್ನು ಬೆನ್ನ ಹಿಂದೆ ಹುಟ್ಟಿದ ಕೂಸೇ ತಿನ್ನಬೇಕು, ಬೇರೆಯವರು ಮುಟ್ಟುವಂತಿಲ್ಲ. ಮೂರು ವರ್ಷ ಗದ್ದಿ ಇಬ್ಬರ ಪಾಲಿನ ಸಿಹಿಯನ್ನೂ ತಿಂದಳು.

ಬರೆದಿಡಲು ಕೂತೆ. ಬೆಳಿಗ್ಗೆ ಬರಿ ಚಾ. ಮಧ್ಯಾಹ್ನ ಎರಡು ತುತ್ತು ರೊಟ್ಟಿ. ಸಂಜೆ ಯಂಕಿಯ ಪಾಲು. ರಾತ್ರಿ, ಹೊಟ್ಟೆ ತುಂಬಿದೆ, ಒಲ್ಲೆ. ಮೂರು ದಿನ ಇದನ್ನೇ ಬರೆದೆ, ನಾಲ್ಕನೆಯ ದಿನ ಬರೆಯಲು ನಾಚಿಕೆಯಾಯಿತು. ಮೂಲೆಯಲ್ಲಿ ಜೋಳದ ಚೀಲ ನಿಂತಿದೆ, ನನ್ನ ಮಗಳು ಹಸಿದುಕೊಂಡು ಶಾಲೆಗೆ ಹೋಗುತ್ತಿದ್ದಾಳೆ.

ಚಾ ನಿಲ್ಲಿಸಿದೆ. ಬೆಳಿಗ್ಗೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ಬೇಯಿಸಿದ ತತ್ತಿ. ಮಧ್ಯಾಹ್ನಕ್ಕೆ ಪುಂಡಿಪಲ್ಯ, ಮಜ್ಜಿಗೆ. ರಾತ್ರಿ ಬೇಗ ಊಟ, ಬೇಗ ನಿದ್ದೆ. ಪಕ್ಕದ ಮನೆಯ ಹುಸೇನಮ್ಮ ತತ್ತಿ ಕೊಡಲು ಬಂದಾಗಲೆಲ್ಲ ಚೇಷ್ಟೆ ಮಾಡುತ್ತಾಳೆ: "ಏನ್ರೀ ಅಕ್ಕಾರ, ಮಗಳನ್ನ ಪೈಲ್ವಾನ್ ಮಾಡಾಕತ್ತೀರೇನು? ನಮ್ಮ ಹುಂಜನೂ ಕೊಡ್ತೀನಿ ತಗೋರಿ, ಕುಸ್ತಿಗೆ ಜೋಡಿ ಆಗತೈತಿ!"

ಬಟ್ಟಲು ಇಡುವುದನ್ನು ನಿಲ್ಲಿಸಿದ ದಿನ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ. "ಸತ್ತಾಕಿ ಹೊಟ್ಟಿ ಮ್ಯಾಲ ಹೊಡದು ಬದುಕಿದಾಕಿಗೆ ಉಣಿಸ್ತೀಯೇನ ಬೇ? ಅಕಿ ಹಸದು ತಂಗೀನ್ನ ಕರಕೊಂಡ ಹೋದ್ರ ಏನ ಮಾಡ್ತಿ?" ಎಂದು ಅತ್ತೆ ಅತ್ತುಬಿಟ್ಟರು. ಆವತ್ತಿನಿಂದ ಗದ್ದಿಯ ಹಣೆ ಸ್ವಲ್ಪ ಬೆಚ್ಚಗಾದರೂ ಬೆಳಗಿನ ತನಕ ಅವಳ ಪಕ್ಕ ಕೂತಿರುತ್ತೇನೆ.

ಮೊದಲ ವಾರವೆಲ್ಲ ಹಟ, ಅಳು, ತಟ್ಟೆ ತಳ್ಳುವುದು. ಮೂರನೆಯ ವಾರ ಒಂದು ಪಾಟಿ ಲೆಕ್ಕವನ್ನು ಎದ್ದೇಳದೆ ಮಾಡಿದಳು. ಹೋದ ವಾರ ಮಾಸ್ತರರು ದಾರಿಯಲ್ಲಿ ಸಿಕ್ಕಾಗ, "ಕುಂದ್ರಾಕತ್ಯಾಳ್ರೀ! ಏನ ತಾಯತ ಕಟ್ಟಿಸೀರಿ?" ಎಂದು ಕೇಳಿದರು. ರೊಟ್ಟಿ ಎಂದೆ. ಅವರು ನಂಬಲಿಲ್ಲ. ಎಲ್ಲವೂ ನೆಟ್ಟಗಾಗಿದೆ ಎಂದು ಬರೆದರೆ ಸುಳ್ಳಾದೀತು. ಈಗಲೂ ಬಳಪ ಎಲ್ಲೋ ಬಿಟ್ಟು ಬರುತ್ತಾಳೆ, ಬಂಡಿ ಹೋದರೆ ಕಿಟಕಿಗೆ ಓಡುತ್ತಾಳೆ. "ಊಟ ಔಷಧವಲ್ಲ, ನಾನು ಮಾತು ಕೊಡಲಾರೆ, ಹಸಿದ ಮಗು ಪಾಠಕ್ಕೆ ಕೂಡಲಾರದು ಎನ್ನುವುದಷ್ಟೇ ನನಗೆ ಗೊತ್ತು" ಎಂದು ನೀನೇ ಬರೆದಿದ್ದೆ. ನಮ್ಮವರು ಶುಕ್ರವಾರ ಬಾಗಿಲಲ್ಲಿ ನಿಂತು ಅವಳು ಬರೆಯುವುದನ್ನು ಬಹಳ ಹೊತ್ತು ನೋಡಿದರು. ಹೋಗುವಾಗ ಮುಂದಿನ ಇಯತ್ತೆಯ ಕಿತಾಬಿನ ಹೆಸರು ಕೇಳಿ ಬರೆದುಕೊಂಡು ಹೋದರು.

ಇಷ್ಟಾದ ಮೇಲೆ ನಾನು ಸುಖವಾಗಿರಬೇಕಿತ್ತು. ಗದ್ದಿ ಈಗ ಹಿಂದೆ ತಿರುಗುವುದಿಲ್ಲ. ತಿರುಗುವವಳು ನಾನು. ಮೊನ್ನೆ ರೊಟ್ಟಿ ಬಡಿಯುವಾಗ ಮೂರು ಸಲ ತಿರುಗಿದೆ. ಅವಳು ಪಾಟಿಯಿಂದ ತಲೆಯೆತ್ತದೆಯೇ ಅಂದಳು: "ಅಕ್ಕ ಬರಂಗಿಲ್ಲವ್ವ. ಇಲ್ಲೇನೂ ಇಡಂಗಿಲ್ಲಂತ ಅಕಿಗೆ ಗೊತ್ತಾಗೈತಿ."

ಸಿಂಧನೂರಿಗೆ ಬಂದರೆ ನಿನ್ನ ಅವ್ವನಿಗೆ ನನ್ನ ಶರಣು ತಿಳಿಸು. ನೀನು ಮುಟ್ಟಿದ ಮಕ್ಕಳೆಲ್ಲ ಎದ್ದು ಓಡಾಡಲಿ. ನಿನ್ನ ಕೈಗುಣ ದೊಡ್ಡದಾಗಲಿ.

ನಿನ್ನ
ಆದೆಮ್ಮ

ಕಾಗದ ಮಡಿಚಿದವಳು ಮತ್ತೆ ಬಿಚ್ಚಿದ್ದೇನೆ. ಮನೆಯ ನಡಾವಳಿ ಎಂದು ಬರೆದೆನಲ್ಲ, ಅದು ಅತ್ತೆಯ ತಲೆಗೆ ಕಟ್ಟಿದ ಸುಳ್ಳು. ಆ ಬಟ್ಟಲು ಮೊದಲು ಇಟ್ಟವಳು ನಾನು. ಯಂಕಿಗೆ ಜ್ವರ ಬಂದಾಗ ಔಷಧ ಕೊಟ್ಟವರು ಲಂಘನ ಹಾಕಿಸಿರಿ, ಕಾಸಿ ಆರಿಸಿದ ನೀರು ಬಿಟ್ಟು ಏನೂ ಕೊಡಬೇಡಿರಿ ಎಂದಿದ್ದರು. ಆರನೆಯ ದಿನ ಅವಳು ಬೆಲ್ಲ ಕೇಳಿದಳು. "ಕೂಸು ಬಾಯಿ ಬಿಡಾಕತ್ತೈತಿ, ಒಂದ ಚೂರು ನೆಕ್ಕಸು," ಎಂದು ಅತ್ತೆ ಬಟ್ಟಲು ತಂದರು. ನಾನು ಕಸಿದುಕೊಂಡೆ. "ನಿಮಗ ತಿಳಿಯಂಗಿಲ್ಲ ಅತ್ತಿ, ನಾ ಓದೀನಿ," ಎಂದೆ. ಸಂಜೆಗೆ ಯಂಕಿ ಹೋದಳು. ಆ ಮಾತನ್ನು ಅತ್ತೆ ಇವತ್ತಿಗೂ ನನ್ನ ಮುಂದೆ ಎತ್ತಿಲ್ಲ.

ನಿನ್ನೆ ಗದ್ದಿ ಬೆಲ್ಲ ಕೇಳಿದಳು. ಜ್ವರವಿಲ್ಲ, ಏನಿಲ್ಲ, ಆಡುತ್ತ ಆಡುತ್ತ ಕೇಳಿದಳು. ಬೇಡ ಎನ್ನಲು ನನ್ನಿಂದಾಗಲಿಲ್ಲ. ಆವತ್ತು ಆ ಒಂದು ಚೂರು ಕೊಟ್ಟಿದ್ದರೆ ಏನಾಗುತ್ತಿತ್ತು? ನೀನು ಡಾಕ್ಟರು, ನಿನಗೆ ಗೊತ್ತಿರುತ್ತದೆ. ಗೊತ್ತಿದ್ದರೂ ಬರೆಯಬೇಡ. ಬದುಕಿರುವ ಮಗುವಿಗೆ ಬೇಡ ಎನ್ನುವುದು ಹೇಗೆ, ಅದನ್ನಷ್ಟು ಬರೆ.