ಕಾರಹುಣ್ಣಿಮೆಗೆ ಇಟ್ಟ ಪ್ರವೇಶ ಪರೀಕ್ಷೆ

ಅಧ್ಯಾಪಕಿಯರ ತರಬೇತಿ ಕಾಲೇಜಿನ ಪ್ರವೇಶ ಪರೀಕ್ಷೆಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ನನ್ನ ಮಗಳು ಮುಮ್ತಾಜಳನ್ನು ತಾವು ಪರೀಕ್ಷೆಗೆ ಕೂಡಿಸಲಿಲ್ಲ. ಗೇಟು ಮುಚ್ಚಿದ ಮೇಲೆ ಬಂದಳೆಂಬುದು ಕಾರಣ. ಅದು ನಿಜವೇ. ಆದರೆ ಪರೀಕ್ಷೆಯನ್ನು ಕಾರಹುಣ್ಣಿಮೆಯ ದಿನವೇ ಇಟ್ಟ ಪುಣ್ಯಾತ್ಮರು ಯಾರೆಂದು ನಮ್ಮ ಊರೆಲ್ಲ ಕೇಳುತ್ತಿದೆ. ನಾನು ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ, ಏಕೆಂದರೆ ನನ್ನ ಅರ್ಜಿಗೆ ತಾವು ಬರೆದ ಉತ್ತರ ಓದಿ ನನಗೆ ನಗು ಬಂತು, ಮಗಳಿಗೆ ಅಳು ಬಂತು.

ಮುಮ್ತಾಜ ನಮ್ಮ ಹಳ್ಳಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಮೊದಲ ಹುಡುಗಿ. ತಾಯಿಯಿಲ್ಲದ ಅವಳನ್ನು ಬೆಳೆಸಿದವಳು ನನ್ನ ತಾಯಿ ಖಾತುನಬಿ. ಝಳಕಿಯಿಂದ ಒಂದು ಸಂಬಂಧ ಬಂದು ಕೂತಿದೆ. “ಕಾಲೇಜಿನವರು ಆರಿಸಿದ್ರ ಕಲೀಲಿ. ಬ್ಯಾಡಂದ್ರ ಈ ವರ್ಷನ ನಿಕಾಹ್ ಮಾಡಿಬಿಡೂಣು” ಎಂದು ತಾಯಿ ಕರಾರು ಹಾಕಿದ್ದಳು. ಅಂದಿನಿಂದ ಹುಡುಗಿ ರೊಟ್ಟಿ ಬಡಿಯುತ್ತಲೂ ಇತಿಹಾಸ ಒಪ್ಪಿಸುತ್ತಿದ್ದಳು. ಪಾಣಿಪತದ ಒಂದೊಂದು ಯುದ್ಧಕ್ಕೂ ನಮ್ಮ ಮನೆಯಲ್ಲಿ ರೊಟ್ಟಿ ಹೊತ್ತಿದೆ, ನಾವು ಬಾಯಿ ಮುಚ್ಚಿಕೊಂಡು ತಿಂದಿದ್ದೇವೆ.

ತಮ್ಮ ಪ್ರವೇಶ ಪತ್ರ ನಮಗೆ ಮುಟ್ಟಿದ್ದು ಪರೀಕ್ಷೆಯ ಹಿಂದಿನ ಸಂಜೆ, ಆಲಮೇಲದಿಂದ ಕೊನೆಯ ಬಸ್ಸು ಹೋದ ಮೇಲೆ. ಬೆಳಿಗ್ಗೆ ಆಲಮೇಲಕ್ಕೆ ಹೋಗಿ, ಪರೀಕ್ಷೆ ನಡೆಯುವ ಸಿಂದಗಿಯ ಬಸ್ಸು ಹಿಡಿಯಬೇಕು. ಅಪ್ಪ ಮಗಳು ನಡೆದೇ ಹೋಗುತ್ತಿದ್ದೆವು. ಆದರೆ “ಸ್ತ್ರೀ ಅಭ್ಯರ್ಥಿಯ ಸಂಗಡ ಮನೆತನದ ಹಿರಿಯ ಸ್ತ್ರೀ ಹಾಜರಿರತಕ್ಕದ್ದು” ಎಂದು ತಮ್ಮ ಅಪ್ಪಣೆ. ಅಧ್ಯಾಪಕಿಯರ ಕಾಲೇಜಿಗೆ ಸ್ತ್ರೀಯರಲ್ಲದೆ ಇನ್ನಾರು ಅರ್ಜಿ ಹಾಕುತ್ತಾರೋ ನಾನರಿಯೆ. ನಮ್ಮ ಮನೆತನದ ಹಿರಿಯ ಸ್ತ್ರೀಗೆ ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಮೊಣಕಾಲು ಹಿಡಿಯುತ್ತದೆ. ಬಂಡಿ ಬೇಕೇ ಬೇಕು.

ಬಂಡಿ ಇತ್ತು, ಎತ್ತೂ ಇದ್ದವು. ಆದರೆ ಕಾರಹುಣ್ಣಿಮೆಯಂದು ನಮ್ಮ ಸೀಮೆಯಲ್ಲಿ ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊಟ್ಟೆ ತುಂಬ ಒಳ್ಳೆಯದನ್ನು ತಿನ್ನಿಸುವ ದಿನ ಅದು. ವರ್ಷವಿಡೀ ದುಡಿದ ಮೂಕ ಜೀವಕ್ಕೆ ಸಿಗುವುದು ಅದೊಂದು ರಜೆ. ತಮ್ಮ ಕಚೇರಿಗೆ ಎಷ್ಟು ರಜೆಯೆಂದು ನಾನು ಕೇಳುವುದಿಲ್ಲ.

ಆಗ ನೆರೆಮನೆಯ ಧರೆಪ್ಪ ಬಂದು, “ಹಬ್ಬ ಎತ್ತಿಗೈತಿ, ನಮಗೇನೈತಿ? ನಡಿ ಮೀರಾಸಾಬ, ನಾವ ಹೆಗಲು ಕೊಡೂಣು” ಎಂದ. ತಾಯಿಯನ್ನು ಬಂಡಿಯಲ್ಲಿ ಕೂರಿಸಿ ನಾವಿಬ್ಬರೂ ನೊಗಕ್ಕೆ ನಿಂತೆವು. ಮುಮ್ತಾಜ ಹಿಂದಿನಿಂದ ನೂಕುತ್ತ, ಓದಿದ್ದನ್ನೆಲ್ಲ ಗಟ್ಟಿಯಾಗಿ ಒಪ್ಪಿಸುತ್ತ ಬಂದಳು. ಧರೆಪ್ಪನನ್ನು ಆ ದಿನ ಪರೀಕ್ಷೆಗೆ ಕೂಡಿಸಿದ್ದರೆ ಅವನೂ ಪಾಸಾಗುತ್ತಿದ್ದ.

“ಸಾವಕಾಶ ಹೋಗೋ ಧರೆಪ್ಪಾ, ನನ್ನ ಟೊಂಕ ಮುರದೀತು” ಎಂದಳು ತಾಯಿ.

“ಎತ್ತು ಮಾತಾಡಂಗಿಲ್ಲ ಆಯಿ” ಎಂದ ಅವನು.

ಹಿಂದಿನ ದಿನ ಮಳೆಯಾಗಿ ಎರಿಮಣ್ಣು ಗಾಲಿಗೆ ಮೆತ್ತಿಕೊಂಡಿತ್ತು. ಮೊದಲ ಬಸ್ಸು ತಪ್ಪಿತು. ಎರಡನೆಯದರಲ್ಲಿ ಹೋದಾಗ ಸಿಂದಗಿಯಲ್ಲಿ ತಮ್ಮ ಗೇಟು ಮುಚ್ಚಿತ್ತು. ತಡವಾದ ಕಾರಣ ಹೇಳಿದೆ. ತಮ್ಮ ಗುಮಾಸ್ತರು, “ನೀವು ಮುಸಲ್ಮಾನ್ರು, ನಿಮಗೆಲ್ಲೀದ್ರಿ ಕಾರಹುಣ್ಣಿಮಿ?” ಎಂದು ಕೇಳಿದರು.

“ಹಬ್ಬ ನಂದಲ್ರಿ ಸಾಹೇಬ್ರ, ಎತ್ತಿಂದು” ಎಂದೆ. ಅವರು ನಕ್ಕರು. ಗೇಟು ತೆರೆಯಲಿಲ್ಲ. ಮಗಳು ಕೆಸರುಗೈಯಲ್ಲೇ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಲಿಖಿತ ಉತ್ತರವನ್ನೂ ಕೊಟ್ಟಿದ್ದಾರೆ: “ಸದರಿ ದಿನ ಅಭ್ಯರ್ಥಿಯ ಮನೆಯಲ್ಲಿ ಎತ್ತುಗಳು ಸುಸ್ಥಿತಿಯಲ್ಲಿದ್ದವೆಂದು ವಿಚಾರಣೆಯಿಂದ ತಿಳಿದುಬಂದಿರುವುದರಿಂದ ತಡಕ್ಕೆ ನೀಡಿದ ಕಾರಣ ಒಪ್ಪತಕ್ಕದ್ದಲ್ಲ.” ಎಂಥ ತನಿಖೆ, ಮಾನ್ಯರೇ! ಎತ್ತು ಸುಸ್ಥಿತಿಯಲ್ಲಿರಲಿ ಎಂದೇ ಅಲ್ಲವೇ ನಾವು ನೊಗ ಹೊತ್ತದ್ದು? ಎತ್ತಿನ ಆರೋಗ್ಯ ವಿಚಾರಿಸಲು ಹಳ್ಳಿಯವರೆಗೆ ಬರಬಲ್ಲ ಕಚೇರಿಗೆ, ದಿನ ಗೊತ್ತುಮಾಡುವಾಗ ಗೋಡೆಯ ಮೇಲಿನ ಪಂಚಾಂಗದವರೆಗೆ ಹೋಗಲು ಆಗಲಿಲ್ಲವೇ? ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಒಕ್ಕಲಿಗನನ್ನು ಕೇಳಿದ್ದರೂ ಹೇಳುತ್ತಿದ್ದ.

ನನ್ನ ಬೇಡಿಕೆ ಒಂದೇ. ತರಗತಿಗಳು ಆರಂಭವಾಗುವ ಮೊದಲು ಮುಮ್ತಾಜಳಿಗೆ ಇನ್ನೊಮ್ಮೆ ಪರೀಕ್ಷೆ ಇಡಿ. ಪ್ರಶ್ನೆಗಳು ಎಷ್ಟು ಕಠಿಣವಿದ್ದರೂ ಸರಿ, ಅವಳು ಬರೆಯುತ್ತಾಳೆ. ನಪಾಸು ಮಾಡುವುದಾದರೆ ಉತ್ತರ ನೋಡಿ ಮಾಡಿ.

ಮೊನ್ನೆ ಝಳಕಿಯವರು ಮತ್ತೆ ಬಂದಿದ್ದರು. ಕರಾರಿನಂತೆ ತಾಯಿ ಹೂಂ ಎನ್ನುತ್ತಾಳೆಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಆಕೆ ಅವರಿಗೆ ಚಹಾ ಕೊಟ್ಟು, “ನಮ್ಮ ಹುಡುಗಿ ನಪಾಸಾಗಿಲ್ರಿ, ಪರೀಕ್ಷಾ ಇನ್ನಾ ಬರದ ಇಲ್ಲ. ಅಕಿ ಬರ್ಯೂತನಾ ತಡೀರಿ” ಎಂದಳು. ನನ್ನ ತಾಯಿ ಮದುವೆಯ ಮಾತಿನಲ್ಲಿ ಯಾರನ್ನೂ ಕಾಯಿಸಿದವಳಲ್ಲ. ಈಗ ಕಾಯಲು ಹೇಳಿದ್ದಾಳೆ, ತಮ್ಮನ್ನು ನಂಬಿ.

ಇಂತಿ, ಹೆಗಲಿನ ಬಾವು ಇನ್ನೂ ಇಳಿಯದ,
ಮೀರಾಸಾಬ,
ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು, ಒಕ್ಕಲುತನ,
ಆಲಮೇಲದ ಹತ್ತಿರದ ಹಳ್ಳಿ